ಕೃಷಿಮೇಳದಲ್ಲಿ ತೋರಿಸಿದ ಯಂತ್ರಕ್ಕೆ ಇನ್ನು ಪೇಟೆಂಟ್ ಸಿಗುತ್ತದೆಯೇ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕು. ಸಣ್ಣದೊಂದು ವೆಲ್ಡಿಂಗ್ ಮತ್ತು ಲೇತ್ ವರ್ಕ್‌ಶಾಪ್ ಇದೆ, ಉದ್ಯಮ್ ನೋಂದಣಿ ಆಗಿದೆ. ಹಸಿ ಅಡಿಕೆ ಸುಲಿಯುವ ಯಂತ್ರ ಮಾಡಿದ್ದೇನೆ. ಮಾಮೂಲಿ ಯಂತ್ರದಲ್ಲಿ ಡ್ರಮ್ಮಿಗೂ ಬ್ಲೇಡಿಗೂ ನಡುವಿನ ಸಂದು ಒಂದೇ ಅಳತೆಯದು. ದಪ್ಪ ಅಡಿಕೆ ಕತ್ತರಿಸಿಹೋಗುತ್ತದೆ, ಸಣ್ಣದು ಸುಲಿಯದೆ ಬೀಳುತ್ತದೆ, ಅದಕ್ಕೇ ಮೊದಲು ಜರಡಿ ಹಿಡಿಯಬೇಕು. ನಾನು ಪ್ರತಿ ಬ್ಲೇಡಿನ ಹಿಂದೆ ಒಂದು ಸ್ಪ್ರಿಂಗ್ ಕೊಟ್ಟೆ. ಕಳೆದ ಅಕ್ಟೋಬರಿನಲ್ಲಿ ನೆಂಟರ ಎರಡು ಮನೆಗಳಲ್ಲಿ ಬಾಡಿಗೆ ತೆಗೆದುಕೊಳ್ಳದೆ ಓಡಿಸಿ ನೋಡಿದೆವು. ನವೆಂಬರಿನ ಕೃಷಿಮೇಳದಲ್ಲಿ ಎರಡು ದಿನ ಮಳಿಗೆ ಹಾಕಿ, ಕೇಳಿದವರಿಗೆ ಮುಚ್ಚಳ ಬಿಚ್ಚಿಯೂ ತೋರಿಸಿದೆ. ಅಳಿಯ ಯೂಟ್ಯೂಬಿಗೆ ಹಾಕಿದ ವಿಡಿಯೊದಲ್ಲಿ ಹೊರಭಾಗ ಮಾತ್ರ ಕಾಣುತ್ತದೆ, ಆದರೆ ಕೆಳಗೆ ಯಾರೋ ಕೇಳಿದ್ದಕ್ಕೆ "ಪ್ರತಿ ಬ್ಲೇಡಿನ ಹಿಂದೆ ಸ್ಪ್ರಿಂಗ್ ಇದೆ" ಎಂದು ಉತ್ತರ ಬರೆದಿದ್ದಾನೆ. ನಾರು ಸಿಕ್ಕಿಕೊಂಡು ಸ್ಪ್ರಿಂಗ್ ಜಾಮ್ ಆಗುತ್ತಿತ್ತು. ಈ ಮಳೆಗಾಲದಲ್ಲಿ ನಮ್ಮ ವೆಲ್ಡಿಂಗ್ ಹುಡುಗ ಹೇಳಿದಂತೆ ಸ್ಪ್ರಿಂಗ್ ತೆಗೆದು ರಬ್ಬರ್ ಬುಶ್ ಹಾಕಿ, ಬ್ಲೇಡಿನ ಹಿಡಿಕೆ ಓರೆಯಾಗಿ ಹಿಂದಕ್ಕೆ ವಾಲುವಂತೆ ಪಿನ್ ಕೊಟ್ಟಿದ್ದೇವೆ. ಇದನ್ನು ಹೊರಗಿನವರು ಯಾರೂ ನೋಡಿಲ್ಲ. ಇಬ್ಬರು ಐದೈದು ಸಾವಿರ ಮುಂಗಡ ಕೊಟ್ಟಿದ್ದಾರೆ. ಒಂದು ಕಂಪನಿಯವರು ಡ್ರಾಯಿಂಗ್ ಕಳಿಸಿ, ರಾಯಲ್ಟಿ ಕೊಡುತ್ತೇವೆ ಎನ್ನುತ್ತಿದ್ದಾರೆ. ತೋರಿಸಿದ ಮೇಲೂ ಒಂದು ವರ್ಷ ಸಮಯ ಇದೆ ಎಂದು ಒಬ್ಬರು, ಡ್ರಾಯಿಂಗನ್ನು ಲಕೋಟೆಯಲ್ಲಿಟ್ಟು ನಿಮ್ಮ ವಿಳಾಸಕ್ಕೇ ಅಂಚೆ ಮಾಡಿಕೊಂಡರೆ ಸಾಕು ಎಂದು ಇನ್ನೊಬ್ಬರು, ವರ್ಲ್ಡ್ ಪೇಟೆಂಟ್ ಮಾಡಿಸಿಕೊಡುತ್ತೇನೆ ಎಂದು ಮತ್ತೊಬ್ಬರು ಹೇಳುತ್ತಾರೆ. ನಾನು ತಡ ಮಾಡಿಬಿಟ್ಟೆನೆ?

ಉತ್ತರ: ಸ್ಪ್ರಿಂಗ್ ಇದ್ದ ಮೊದಲ ಯಂತ್ರದ ಮಟ್ಟಿಗೆ ಬಹುತೇಕ ತಡವಾಗಿದೆ. ರಬ್ಬರ್ ಬುಶ್ ಮತ್ತು ಓರೆ ಪಿನ್ನಿನ ಎರಡನೆಯದಕ್ಕೆ ತಡವಾಗಿಲ್ಲ. ನಿಮ್ಮ ಪ್ರಶ್ನೆಯಲ್ಲಿ ಒಂದೇ ಯಂತ್ರವೆಂಬಂತೆ ಬಂದಿರುವುದು ಪೇಟೆಂಟ್ ಕಾನೂನಿನ ಕಣ್ಣಿಗೆ ಎರಡು ಬೇರೆ ಬೇರೆ ಆವಿಷ್ಕಾರ. ಈ ಎರಡನ್ನೂ ಬಿಡಿಸಿ ನೋಡಿದರೆ ಮುಂದಿನ ದಾರಿ ತಾನಾಗಿ ಕಾಣುತ್ತದೆ.

ಮೊದಲು ಆ "ಒಂದು ವರ್ಷ"ದ ಮಾತು. ಇದು ಪೂರ್ತಿ ಸುಳ್ಳಲ್ಲ, ಬೇರೆ ದೇಶದ ಸತ್ಯ. ಅಮೆರಿಕದಲ್ಲಿ ಆವಿಷ್ಕಾರಕ ತಾನೇ ಬಹಿರಂಗಪಡಿಸಿದರೆ ಅಲ್ಲಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬಹುದು. ಅಂತರ್ಜಾಲದಲ್ಲಿ ಓದಲು ಸಿಗುವುದು ಹೆಚ್ಚಾಗಿ ಅಲ್ಲಿನ ಮಾಹಿತಿ, ಹಾಗಾಗಿ ಈ ಮಾತು ನಮ್ಮಲ್ಲೂ ಹಬ್ಬಿದೆ. ನಮ್ಮ 1970ರ ಪೇಟೆಂಟ್ ಕಾಯ್ದೆಯಲ್ಲಿ ಅಂಥ ಸಾರ್ವತ್ರಿಕ ರಿಯಾಯಿತಿ ಇಲ್ಲ. ಅರ್ಜಿ ಹಾಕುವ ದಿನಕ್ಕೆ ಮೊದಲು ಜಗತ್ತಿನ ಯಾವ ಮೂಲೆಯಲ್ಲಾದರೂ ಪ್ರಕಟವಾಗಿದ್ದರೆ, ಇಲ್ಲವೇ ಭಾರತದಲ್ಲಿ ಸಾರ್ವಜನಿಕವಾಗಿ ಬಳಕೆಯಾಗಿದ್ದರೆ, ಅದು ಹೊಸದಲ್ಲ. ಪ್ರಕಟಿಸಿದವರು ನೀವೇ ಆಗಿದ್ದರೂ ಅಷ್ಟೆ.

ಕೆಲವು ಸಣ್ಣ ಕಿಂಡಿಗಳಿವೆ. ಸೆಕ್ಷನ್ 31ರ ಪ್ರಕಾರ, ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಅಧಿಸೂಚನೆ ಹೊರಡಿಸಿದ ಪ್ರದರ್ಶನದಲ್ಲಿ ತೋರಿಸಿದ್ದರೆ, ಪ್ರದರ್ಶನ ಶುರುವಾದ ದಿನದಿಂದ 12 ತಿಂಗಳೊಳಗೆ ಅರ್ಜಿ ಹಾಕಬಹುದು. 2024ರಲ್ಲಿ ನಿಯಮ ತಿದ್ದಿದ ಮೇಲೆ ಇದಕ್ಕೆಂದೇ ನಮೂನೆ 31 ಬಂದಿದೆ. ಆದರೆ ಸರ್ಕಾರಿ ಸಂಸ್ಥೆ ನಡೆಸಿದ ಮೇಳ ಎಂದ ಮಾತ್ರಕ್ಕೆ ಈ ಅನುಕೂಲ ಸಿಗುವುದಿಲ್ಲ. ನೀವು ಹೋದ ಮೇಳಕ್ಕೆ ಅಂಥ ಅಧಿಸೂಚನೆ ಇತ್ತೇ ಎಂದು ಸಂಘಟಕರನ್ನು ಲಿಖಿತವಾಗಿ ಕೇಳಿ. ಅಧಿಸೂಚನೆಯ ಸಂಖ್ಯೆ, ದಿನಾಂಕ ಕೈಗೆ ಸಿಗದಿದ್ದರೆ ಇಲ್ಲವೆಂದೇ ತಿಳಿದು ಮುಂದುವರಿಯಿರಿ.

ಇನ್ನೊಂದು ಕಿಂಡಿ ಸೆಕ್ಷನ್ 32. ಆವಿಷ್ಕಾರದ ಸ್ವಭಾವವೇ ಹೊರಗೆ ನಾಲ್ಕು ಜನರ ನಡುವೆ ಪರೀಕ್ಷಿಸಬೇಕಾದಂಥದ್ದಾಗಿದ್ದರೆ, ಅರ್ಜಿಗೆ ಹಿಂದಿನ ಒಂದು ವರ್ಷದೊಳಗೆ ಬರೀ ಪರೀಕ್ಷೆಗಾಗಿ ನಡೆಸಿದ ಬಳಕೆ ಅಡ್ಡಬರುವುದಿಲ್ಲ. ನೆಂಟರ ಮನೆಗಳಲ್ಲಿ ಓಡಿಸಿದ್ದು ಇದರಡಿ ಬರುತ್ತದೆ ಎಂದು ವಾದಿಸಬಹುದು. ಕೊಯ್ಲಿನ ಕಾಲದಲ್ಲಿ, ಅಡಿಕೆ ಅಂಗಳದಲ್ಲಿ ಅಲ್ಲದೆ ಬೇರೆಲ್ಲೂ ಈ ಯಂತ್ರವನ್ನು ನಿಜವಾಗಿ ಪರೀಕ್ಷಿಸಲಾಗದು. ಬಾಡಿಗೆ ತೆಗೆದುಕೊಳ್ಳದಿದ್ದದ್ದು ಒಳ್ಳೆಯದಾಯಿತು. ಕೆ.ಜಿ.ಗೆ ಇಷ್ಟು ಎಂದು ಸುಲಿಗೆ ಕೂಲಿ ಪಡೆದಿದ್ದರೆ ಅದು ಪರೀಕ್ಷೆಯಲ್ಲ, ವ್ಯವಹಾರ ಎನಿಸುತ್ತಿತ್ತು. ಈ ಲೆಕ್ಕದಲ್ಲೂ ನಿಮ್ಮ ಗಡುವು ಬರುವ ಅಕ್ಟೋಬರಿಗೆ ಮುಗಿಯುತ್ತದೆ.

ಆದರೆ ಮೇಳದಲ್ಲಿ ಮುಚ್ಚಳ ಬಿಚ್ಚಿ ತೋರಿಸಿದ್ದು ಪರೀಕ್ಷೆ ಅಲ್ಲ. ಯೂಟ್ಯೂಬ್ ವಿಡಿಯೊದಿಂದ ಅಷ್ಟು ಅಪಾಯವಿಲ್ಲ. ಒಂದು ಕಡೆಯಿಂದ ಅಡಿಕೆ ಹೋಗಿ ಇನ್ನೊಂದು ಕಡೆಯಿಂದ ಬರುವುದನ್ನು ನೋಡಿ ಒಳಗಿನ ರಚನೆ ತಿಳಿಯುವುದಿಲ್ಲ. ಅಪಾಯ ಇರುವುದು ಅಳಿಯ ಬರೆದ ಆ ಒಂದು ಸಾಲಿನಲ್ಲಿ. ಅದು ದಿನಾಂಕಸಹಿತವಾದ ಪ್ರಕಟಣೆ. ಈಗ ಅಳಿಸಿದರೂ ಆಗಿದ್ದು ಆಗಿಲ್ಲವೆಂದು ಆಗದು. ಅದನ್ನು ಹಾಗೇ ಬಿಟ್ಟು, ವಿಡಿಯೊದ ಕೊಂಡಿ, ದಿನಾಂಕ, ಆ ಉತ್ತರದ ಚಿತ್ರ ಎಲ್ಲವನ್ನೂ ನಿಮ್ಮ ಪೇಟೆಂಟ್ ಏಜೆಂಟರ, ಅಂದರೆ ಅರ್ಜಿ ಬರೆದು ನಡೆಸಿಕೊಡುವ ನೋಂದಾಯಿತ ವೃತ್ತಿಪರರ, ಕೈಗೆ ಕೊಡಿ. ಏಜೆಂಟರಿಗೆ ಗೊತ್ತಿಲ್ಲದ ಬಹಿರಂಗಪಡಿಸುವಿಕೆಯೇ ಅರ್ಜಿಯನ್ನು ಹೆಚ್ಚಾಗಿ ಕೆಡಿಸುವುದು.

ಲಕೋಟೆಯ ಉಪಾಯಕ್ಕೆ ಕಾನೂನಿನಲ್ಲಿ ಬೆಲೆಯಿಲ್ಲ. ಛಾಪಾ ಕಾಗದದ ಮೇಲೆ ಬರೆದು ನೋಟರಿ ಮಾಡಿಸುವುದಕ್ಕೂ ಇಲ್ಲ. ಒಂದು ದಿನ ಆ ವಿಚಾರ ನಿಮ್ಮ ಬಳಿ ಇತ್ತು ಎಂದಷ್ಟೇ ಅವು ಹೇಳುತ್ತವೆ. ಬೇರೆಯವರನ್ನು ತಡೆಯುವ ಹಕ್ಕು ಹುಟ್ಟುವುದು ಪೇಟೆಂಟ್ ಕಚೇರಿಯಲ್ಲಿ ಅರ್ಜಿ ಬಿದ್ದು ಅದು ಮಂಜೂರಾದಾಗ ಮಾತ್ರ, ಮತ್ತು ಅಲ್ಲಿ ಲೆಕ್ಕಕ್ಕೆ ಬರುವುದು ಅರ್ಜಿ ಹಾಕಿದ ದಿನ.

"ವರ್ಲ್ಡ್ ಪೇಟೆಂಟ್" ಎಂಬುದು ಇಲ್ಲವೇ ಇಲ್ಲ. ಪೇಟೆಂಟ್ ಆಯಾ ದೇಶದ ಗಡಿಯೊಳಗೆ ಮಾತ್ರ ನಡೆಯುತ್ತದೆ. ಪಿಸಿಟಿ ಎಂಬ ಅಂತರರಾಷ್ಟ್ರೀಯ ಒಪ್ಪಂದವಿದೆ, ಭಾರತ 1998ರ ಡಿಸೆಂಬರಿನಿಂದ ಅದರ ಸದಸ್ಯ. ಅದರಡಿ ಒಂದು ಅರ್ಜಿ ಹಾಕಿ, ಮೊದಲ ಅರ್ಜಿಯ ದಿನದಿಂದ ಸಾಮಾನ್ಯವಾಗಿ 30 ಅಥವಾ 31 ತಿಂಗಳೊಳಗೆ ಬೇಕಾದ ದೇಶಗಳನ್ನು ಆರಿಸಿಕೊಳ್ಳಬಹುದು. ಆಮೇಲೆ ಪ್ರತಿ ದೇಶಕ್ಕೂ ಬೇರೆ ಶುಲ್ಕ, ಬೇರೆ ವಕೀಲರು, ಬೇರೆ ಪರೀಕ್ಷೆ. ಅಡಿಕೆ ಯಂತ್ರಕ್ಕೆ ಭಾರತದ ಆಚೆ ನಿಜವಾದ ಮಾರುಕಟ್ಟೆ ಕಂಡರೆ ಮಾತ್ರ ಆ ಖರ್ಚಿಗೆ ಇಳಿಯಿರಿ. ಒಂದು ಎಚ್ಚರಿಕೆ: ಭಾರತದಲ್ಲಿ ವಾಸಿಸುವವರು ಇಲ್ಲಿ ಅರ್ಜಿ ಹಾಕಿ ಆರು ವಾರ ಆಗುವ ಮೊದಲು, ಅನುಮತಿ ಇಲ್ಲದೆ, ಹೊರದೇಶದಲ್ಲಿ ಅರ್ಜಿ ಹಾಕುವ ಹಾಗಿಲ್ಲ. ಇದು ಸೆಕ್ಷನ್ 39, ಮೀರಿದರೆ ಶಿಕ್ಷೆಯಿದೆ. ವರ್ಲ್ಡ್ ಪೇಟೆಂಟ್ ಮಾರುವವರು ಇದನ್ನು ಹೇಳುವುದಿಲ್ಲ.

ಸ್ಪ್ರಿಂಗ್ ತೆಗೆದು ರಬ್ಬರ್ ಹಾಕಿದ್ದು ಆವಿಷ್ಕಾರವೇ?

ಪೇಟೆಂಟ್ ಕಚೇರಿಯಲ್ಲಿ ಅರ್ಜಿಯನ್ನು ಪರಿಶೀಲಿಸುವ ಪರೀಕ್ಷಕರು ಕೇಳುವ ಮೊದಲ ಪ್ರಶ್ನೆಯೇ ಇದು. ಪೇಟೆಂಟ್ ದೊಡ್ಡ ವಿಜ್ಞಾನಕ್ಕೆ ಮಾತ್ರ ಎಂದು ಅಂಜಬೇಕಾಗಿಲ್ಲ. ಭಾರತದಲ್ಲಿ ಈ ಕಾನೂನು ಮೊದಲು ಬಂದ 1856ರಲ್ಲಿ, ಕಲ್ಕತ್ತೆಯ ಜಾರ್ಜ್ ಆಲ್ಫ್ರೆಡ್ ಡಿಪೆನಿಂಗ್ ಎಂಬ ಸಿವಿಲ್ ಎಂಜಿನಿಯರ್ ಮೊದಲ ಹಕ್ಕು ಕೇಳಿದ್ದು ಪಂಕ, ಅಂದರೆ ಆಗಿನ ಕಾಲದ ತೂಗುಬೀಸಣಿಗೆ, ಎಳೆಯುವ ಯಂತ್ರಕ್ಕೆ. ಆದರೆ ಮೂರು ಗೆರೆ ದಾಟಲೇಬೇಕು. ಹೊಸದಾಗಿರಬೇಕು, ಆ ಕಸುಬು ಬಲ್ಲವನಿಗೆ ಸುಲಭವಾಗಿ ಹೊಳೆಯುವಂಥದ್ದಾಗಿರಬಾರದು, ಉದ್ದಿಮೆಯಲ್ಲಿ ಬಳಸುವಂತಿರಬೇಕು. ಮೂರನೆಯದು ನಿಮಗೆ ಸಮಸ್ಯೆಯೇ ಅಲ್ಲ. ಎರಡನೆಯದು ಕಷ್ಟದ್ದು.

ವರ್ಕ್‌ಶಾಪ್ ನಡೆಸುವ ಪ್ರತಿಯೊಬ್ಬರಿಗೂ ತಿಳಿದಿರಬೇಕಾದ ತೀರ್ಪೊಂದಿದೆ. ಉತ್ತರ ಪ್ರದೇಶದ ಮಿರ್ಜಾಪುರದ ಪಾತ್ರೆ ಉದ್ಯಮದಲ್ಲಿ, ಲೇತ್ ಮೇಲೆ ಪಾತ್ರೆ ಹೆರೆಯುವಾಗ ಅದು ಹಾರಿ ಬೀಳದಂತೆ ಹಿಡಿದಿಡುವ ಸಾಧನಕ್ಕೆ 1951ರಲ್ಲಿ ಪೇಟೆಂಟ್ ಪಡೆದಿದ್ದರು. ಬಿಶ್ವನಾಥ ಪ್ರಸಾದ ರಾಧೇ ಶ್ಯಾಮ ಪ್ರಕರಣ ಎಂದು ಹೆಸರಾದ ಆ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ 1978ರ ಡಿಸೆಂಬರಿನಲ್ಲಿ ಪೇಟೆಂಟ್ ನಿಲ್ಲುವುದಿಲ್ಲ ಎಂದಿತು. ಸಾಧನ ಉಪಯುಕ್ತವಾಗಿರಲಿಲ್ಲ ಎಂಬುದು ಕಾರಣವಲ್ಲ. ಅದು ವರ್ಕ್‌ಶಾಪ್ ಮಟ್ಟದ ಸುಧಾರಣೆ, ಆ ಕೆಲಸ ಗೊತ್ತಿದ್ದ ಯಾವ ಮೇಸ್ತ್ರಿಯೂ ಮಾಡಬಹುದಾಗಿದ್ದದ್ದು ಎಂಬುದು ಕಾರಣ. ಇದರ ಜೊತೆಗೆ ಸೆಕ್ಷನ್ 3(ಎಫ್) ಇದೆ: ಗೊತ್ತಿರುವ ಸಾಧನಗಳನ್ನು ಬರೀ ಜೋಡಿಸಿದರೆ, ಒಂದೊಂದೂ ತನ್ನ ಪಾಡಿಗೆ ಹಳೆಯ ಕೆಲಸವನ್ನೇ ಮಾಡುತ್ತಿದ್ದರೆ, ಅದು ಆವಿಷ್ಕಾರ ಅಲ್ಲ.

ಸ್ಪ್ರಿಂಗ್ ಇದ್ದಲ್ಲಿ ರಬ್ಬರ್ ಹಾಕಿದ್ದಷ್ಟೇ ನಿಮ್ಮ ಕೆಲಸವಾಗಿದ್ದರೆ ಈ ಗೆರೆ ದಾಟುವುದು ಬಲು ಕಷ್ಟ. ಎರಡೂ ಮೆತ್ತನೆ ಹಿಂದೆ ಸರಿಯುವ ವಸ್ತುಗಳು ಎಂದು ಯಾರಿಗೂ ಗೊತ್ತು. ನಿಮ್ಮ ಬಲ ಇರುವುದು ಪಿನ್ನಿನ ಓರೆಯಲ್ಲಿ. ದಪ್ಪ ಅಡಿಕೆ ಬಂದಾಗ ಬ್ಲೇಡ್ ನೆಟ್ಟಗೆ ಹಿಂದಕ್ಕೆ ಹೋಗದೆ ವಾಲುತ್ತದೆ, ವಾಲಿದಾಗ ಹಿಡಿಕೆಯ ಬುಡದಲ್ಲಿ ಸಂದು ಬಿಡುತ್ತದೆ, ಸಿಕ್ಕ ನಾರು ಆ ಸಂದಿನಿಂದ ಕೆಳಗೆ ಉದುರುತ್ತದೆ. ಬುಶ್ ಸ್ಪ್ರಿಂಗಿನ ಹಾಗೆ ಪುಟಿದು ಬಾರದೆ ನಿಧಾನಕ್ಕೆ ಹಿಂದಿರುಗುವುದರಿಂದ ಬ್ಲೇಡ್ ಮುಂದಿನ ಅಡಿಕೆಗೆ ಬಡಿಯುವುದಿಲ್ಲ. ನಿಮ್ಮ ಯಂತ್ರದಲ್ಲಿ ಹೀಗೆಯೇ ಆಗುತ್ತಿದ್ದರೆ, ಬುಶ್ ಮತ್ತು ಓರೆ ಪಿನ್ ಸೇರಿದ್ದರಿಂದ ಒಂದೊಂದರಿಂದ ಬಾರದ ಫಲ ಬಂದಿದೆ ಎಂದು ತೋರಿಸಬಹುದು. ಕಾಯ್ದೆ ಕೇಳುವುದು ತಾಂತ್ರಿಕ ಮುನ್ನಡೆ ಅಥವಾ ಆರ್ಥಿಕ ಮಹತ್ವ, ಅದರ ಜೊತೆಗೆ ಸುಲಭಕ್ಕೆ ಹೊಳೆಯದಿರುವಿಕೆ. "ಚೆನ್ನಾಗಿ ಓಡುತ್ತದೆ" ಎಂದರೆ ಸಾಲದು, ಅಳೆದು ತೋರಿಸಬೇಕು.

ಅಳೆಯುವುದು ಹೇಗೆ ಎಂದರೆ, ಜರಡಿ ಹಿಡಿಯದ ಒಂದೇ ತೋಟದ ಅಡಿಕೆಯಲ್ಲಿ ನೂರು ನೂರು ಕೆ.ಜಿ.ಯ ಮೂರು ಪಾಲು ಮಾಡಿ. ಒಂದು ಮಾಮೂಲಿ ಯಂತ್ರಕ್ಕೆ, ಒಂದು ಸ್ಪ್ರಿಂಗಿನದಕ್ಕೆ, ಒಂದು ಹೊಸದಕ್ಕೆ. ಪ್ರತಿಯೊಂದರಲ್ಲೂ ಕತ್ತರಿಸಿಹೋದ ಅಡಿಕೆ ಎಷ್ಟು, ಸುಲಿಯದೆ ಬಿದ್ದದ್ದು ಎಷ್ಟು, ನಾರು ತೆಗೆಯಲು ಎಷ್ಟು ಸಲ ನಿಲ್ಲಿಸಬೇಕಾಯಿತು, ಒಟ್ಟು ಎಷ್ಟು ಹೊತ್ತು ಹಿಡಿಯಿತು ಎಂದು ಬರೆದಿಡಿ. ನಾಲ್ಕನೆಯ ಪರೀಕ್ಷೆಯೊಂದನ್ನು ತಪ್ಪಿಸಬೇಡಿ: ಬುಶ್ ಹಾಕಿ ಪಿನ್ ನೇರ ಇಟ್ಟು ಓಡಿಸಿ. ಓರೆಯಿಂದ ಆದ ಲಾಭ ಎಷ್ಟೆಂದು ಪರೀಕ್ಷಕರು ಕೇಳಿದಾಗ ಉತ್ತರ ಅದರಲ್ಲಿದೆ. ಈ ಪರೀಕ್ಷೆಗೆ ಕೊಯ್ಲು ಬರಬೇಕು, ಆದರೆ ಅರ್ಜಿ ಕೊಯ್ಲಿಗೆ ಮೊದಲೇ ಬೀಳಬೇಕು. ಈ ಇಕ್ಕಟ್ಟಿಗಾಗಿಯೇ ಪ್ರಾವಿಷನಲ್ ಅರ್ಜಿ, ಅಂದರೆ ದಿನಾಂಕ ಹಿಡಿದಿಡಲು ಮೊದಲು ಹಾಕುವ ತಾತ್ಕಾಲಿಕ ಅರ್ಜಿ, ಇರುವುದು.

ಅದಕ್ಕೂ ಮೊದಲು ಎರಡು ಸಂಜೆ ಕೂತು ಹುಡುಕಾಟ ಮಾಡಿ. ಭಾರತೀಯ ಪೇಟೆಂಟ್ ಕಚೇರಿಯ ಇನ್‌ಪಾಸ್ ಎಂಬ ಹುಡುಕು ಪುಟ ಉಚಿತ. ಗೂಗಲ್ ಪೇಟೆಂಟ್ಸ್ ಮತ್ತು ಯುರೋಪಿನ ಎಸ್ಪಾಸ್‌ನೆಟ್ ಕೂಡ ಉಚಿತ. ಅಡಿಕೆ, ಸುಲಿಗೆ ಎಂಬುದರ ಇಂಗ್ಲಿಷ್ ಪದಗಳಿಂದ ಹುಡುಕಿದರೆ ಅರ್ಧ ಮಾತ್ರ ಸಿಗುತ್ತದೆ. ಒಬ್ಬೊಬ್ಬರು ಒಂದೊಂದು ಪದ ಬಳಸಿರುತ್ತಾರೆ. ವರ್ಗೀಕರಣ ಸಂಖ್ಯೆಯಿಂದ ಹುಡುಕಿ: ಎ23ಎನ್ 5/08, ಅಂದರೆ ನಾರು ಅಥವಾ ತಿರುಳಿನ ಸಿಪ್ಪೆ ಇರುವ ಕಾಯಿ ಸುಲಿಯುವ ಯಂತ್ರಗಳು. ಎ23ಎನ್ 5/03ರಲ್ಲಿ ತೆಂಗಿನಕಾಯಿಯವು ಇರುತ್ತವೆ, ಅವನ್ನೂ ನೋಡಿ. ಪರೀಕ್ಷಕರು ತೆಂಗಿನ ಯಂತ್ರದ ಬ್ಲೇಡನ್ನು ನಿಮ್ಮ ಅಡಿಕೆ ಯಂತ್ರದ ವಿರುದ್ಧ ತೋರಿಸಬಲ್ಲರು. ಚೀನಾದ ಹೈನಾನ್ ದ್ವೀಪದಲ್ಲಿ ಅಡಿಕೆ ಬೆಳೆಯುವುದರಿಂದ ಚೀನೀ ದಾಖಲೆಗಳನ್ನೂ ಬಿಡಬೇಡಿ. ಭಾಷೆ ತಿಳಿಯದಿದ್ದರೂ ಚಿತ್ರ ತಿಳಿಯುತ್ತದೆ.

ಪೇಟೆಂಟ್ ಸಿಗುವುದು ಯಂತ್ರಕ್ಕಲ್ಲ, ವಾಕ್ಯಕ್ಕೆ

ನೀವು ಯಂತ್ರ ಮಾಡಿದಷ್ಟೇ ಶ್ರದ್ಧೆಯಿಂದ ಮಾಡಬೇಕಾದ ಕೆಲಸ ಇದು. ಅರ್ಜಿಯ ಕೊನೆಯಲ್ಲಿ ಕ್ಲೇಮ್‌ಗಳು ಎಂಬ ಸಂಖ್ಯೆ ಹಾಕಿದ ವಾಕ್ಯಗಳಿರುತ್ತವೆ. ನ್ಯಾಯಾಲಯ ನೋಡುವುದು ಅವನ್ನೇ. ಕ್ಲೇಮಿನಲ್ಲಿ ಹೇಳಿದ ಎಲ್ಲ ಅಂಶಗಳೂ ಎದುರಾಳಿಯ ಯಂತ್ರದಲ್ಲಿದ್ದರೆ ಉಲ್ಲಂಘನೆ. ಮುಖ್ಯವಾದ ಒಂದು ಅಂಶ ಇಲ್ಲದಿದ್ದರೆ ಸಾಮಾನ್ಯವಾಗಿ ಅವನು ಪಾರು. "20 ಪರ್ಸೆಂಟ್ ಬದಲಾಯಿಸಿದರೆ ಪೇಟೆಂಟ್ ತಗುಲುವುದಿಲ್ಲ" ಎಂಬ ಮಾತಿಗೆ ಅರ್ಥವಿಲ್ಲದಿರುವುದು ಇದಕ್ಕೇ. ಶೇಕಡಾವಾರು ಲೆಕ್ಕ ಕಾನೂನಿನಲ್ಲಿ ಎಲ್ಲೂ ಇಲ್ಲ.

ಈಗ ನಿಮ್ಮದೇ ಯಂತ್ರವನ್ನು ತೆಗೆದುಕೊಳ್ಳಿ. "12 ಬ್ಲೇಡ್, 45 ಮಿ.ಮೀ. ರಬ್ಬರ್ ಬುಶ್, ಒಂದು ಎಚ್‌ಪಿ ಮೋಟರ್ ಇರುವ ಅಡಿಕೆ ಸುಲಿಯುವ ಯಂತ್ರ" ಎಂದು ಕ್ಲೇಮ್ ಬರೆದರೆ ಮಂಜೂರಾತಿ ಸುಲಭ. ಆದರೆ 10 ಬ್ಲೇಡ್ ಹಾಕಿದವನನ್ನು ನೀವು ಮುಟ್ಟಲಾರಿರಿ. "ಅಡಿಕೆಯ ಗಾತ್ರಕ್ಕೆ ಹೊಂದಿಕೊಳ್ಳುವ ಬ್ಲೇಡ್ ಇರುವ ಯಂತ್ರ" ಎಂದು ಬರೆದರೆ ಎಲ್ಲರನ್ನೂ ಹಿಡಿಯಬಹುದು ಅನಿಸುತ್ತದೆ, ಆದರೆ ಮೇಳದಲ್ಲಿ ತೋರಿಸಿದ ನಿಮ್ಮದೇ ಸ್ಪ್ರಿಂಗ್ ಯಂತ್ರ ಅದನ್ನು ಬೀಳಿಸುತ್ತದೆ. ಇವೆರಡರ ನಡುವಿನ ಹದ ಹೀಗಿರಬಹುದು: ತಿರುಗುವ ಡ್ರಮ್, ಅದಕ್ಕೆ ಎದುರಾಗಿ ಚೌಕಟ್ಟು, ಚೌಕಟ್ಟಿನಲ್ಲಿ ಒಂದಕ್ಕಿಂತ ಹೆಚ್ಚು ಬ್ಲೇಡ್ ಹಿಡಿಕೆಗಳು ಇರುವ ಯಂತ್ರ, ಇದರ ವಿಶೇಷವೇನೆಂದರೆ ಪ್ರತಿ ಹಿಡಿಕೆಯೂ ಡ್ರಮ್ಮಿನ ಅಚ್ಚಿಗೆ ಓರೆಯಾಗಿರುವ ತನ್ನದೇ ಪಿನ್ನಿನ ಮೇಲೆ ವಾಲುತ್ತದೆ, ಹಿಡಿಕೆಗೂ ಚೌಕಟ್ಟಿಗೂ ನಡುವೆ ಸ್ಥಿತಿಸ್ಥಾಪಕ ಬುಶ್ ಇದೆ, ವಾಲಿದಾಗ ಹಿಡಿಕೆಯ ಬುಡದಲ್ಲಿ ನಾರು ಹೊರಬೀಳುವ ಸಂದು ತೆರೆಯುತ್ತದೆ.

ಇಲ್ಲಿ "ರಬ್ಬರ್" ಎಂದು ಬರೆಯದೆ "ಸ್ಥಿತಿಸ್ಥಾಪಕ" ಎಂದದ್ದನ್ನು ಗಮನಿಸಿ. ನಾಳೆ ಯಾರಾದರೂ ಪಾಲಿಯುರೆಥೇನ್ ಬುಶ್ ಹಾಕಿದರೂ ಇದರೊಳಗೆ ಬರುತ್ತಾರೆ. ರಬ್ಬರ್, ಓರೆಯ ಕೋನ ಇಷ್ಟರಿಂದ ಇಷ್ಟು, ಬ್ಲೇಡಿನ ಬಾಗು ಇವೆಲ್ಲ ಮೊದಲ ಕ್ಲೇಮನ್ನು ಅವಲಂಬಿಸಿದ 2, 3, 4ನೆಯ ಕ್ಲೇಮ್‌ಗಳಾಗಿ ಕೆಳಗೆ ಬರಲಿ. ಮೊದಲನೆಯದು ಬಿದ್ದರೂ ಅವುಗಳಲ್ಲಿ ಒಂದು ಉಳಿಯಬಹುದು. 10 ಕ್ಲೇಮ್‌ವರೆಗೆ ಹೆಚ್ಚಿನ ಶುಲ್ಕವಿಲ್ಲ.

ಅರ್ಜಿ ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲಿ ಇರಬೇಕು, ಕನ್ನಡದಲ್ಲಿ ಹಾಕಲು ಅವಕಾಶವಿಲ್ಲ. ನಮ್ಮ ಕಡೆಯ ಒಳ್ಳೆಯ ಆವಿಷ್ಕಾರಗಳು ಇಲ್ಲೇ ಸೊರಗುತ್ತವೆ. ಯಂತ್ರ ಮಾಡಿದವರು ಫೋನಿನಲ್ಲಿ ವಿವರಿಸುತ್ತಾರೆ, ಅಡಿಕೆ ಸುಲಿಯುವುದನ್ನು ಕಂಡಿಲ್ಲದವರು ಇಂಗ್ಲಿಷಿನಲ್ಲಿ ಬರೆಯುತ್ತಾರೆ, ಬ್ಲೇಡ್ "ವಾಲುತ್ತದೆ" ಎಂದದ್ದು "ಜಾರುತ್ತದೆ" ಎಂದಾಗುತ್ತದೆ. ಆ ಒಂದು ಕ್ರಿಯಾಪದದಲ್ಲಿ ನಿಮ್ಮ ಆವಿಷ್ಕಾರವೇ ಕಳೆದುಹೋಗಬಹುದು. ನೀವು ಮೊದಲು ಕನ್ನಡದಲ್ಲೇ, ಯಾವ ಭಾಗ ಯಾವುದಕ್ಕೆ ತಾಗಿದೆ, ಯಾವ ದಿಕ್ಕಿಗೆ ಚಲಿಸುತ್ತದೆ, ಯಾಕೆ ಎಂದು ಬಿಡಿಸಿ ಬರೆಯಿರಿ. ಅರ್ಜಿ ಸಿದ್ಧವಾದ ಮೇಲೆ ಏಜೆಂಟರಿಂದ ಪ್ರತಿ ಕ್ಲೇಮಿನ ಅರ್ಥವನ್ನೂ ಕನ್ನಡದಲ್ಲಿ ಹೇಳಿಸಿ, ಯಂತ್ರದ ಮುಂದೆ ನಿಂತು ತಾಳೆ ನೋಡಿ. ಆಗದು ಎನ್ನುವ ಏಜೆಂಟರಿಗೆ ಕೆಲಸ ಕೊಡಬೇಡಿ.

ಅರ್ಜಿಯ ದಾರಿ

ಕರ್ನಾಟಕದ ಅರ್ಜಿಗಳು ಚೆನ್ನೈ ಪೇಟೆಂಟ್ ಕಚೇರಿಗೆ ಸೇರುತ್ತವೆ. ಆನ್‌ಲೈನ್‌ನಲ್ಲೇ ಹಾಕಬಹುದು, ಚೆನ್ನೈಗೆ ಹೋಗಬೇಕಿಲ್ಲ. ನಮೂನೆ 1 ಅರ್ಜಿ, ನಮೂನೆ 2ರಲ್ಲಿ ವಿವರಣೆ, ನಮೂನೆ 3 ಹೊರದೇಶದ ಅರ್ಜಿಗಳ ಬಗ್ಗೆ ಹೇಳಿಕೆ, ಏಜೆಂಟರಿದ್ದರೆ ನಮೂನೆ 26. ಸಣ್ಣ ಉದ್ದಿಮೆ ಎಂದು ಹಾಕುವುದಾದರೆ ನಮೂನೆ 28ರ ಜೊತೆ ಉದ್ಯಮ್ ಪತ್ರ. ಆನ್‌ಲೈನ್ ಶುಲ್ಕ ವ್ಯಕ್ತಿಗಳಿಗೆ, ಸಣ್ಣ ಉದ್ದಿಮೆಗೆ, ಸ್ಟಾರ್ಟಪ್‌ಗೆ 1,600 ರೂಪಾಯಿ, ದೊಡ್ಡ ಕಂಪನಿಗೆ 8,000. ವಿವರಣೆ 30 ಪುಟ ದಾಟಿದರೆ ಪುಟಕ್ಕೆ 160, 10 ಕ್ಲೇಮ್ ದಾಟಿದರೆ ಒಂದೊಂದಕ್ಕೆ 320.

ಪ್ರಾವಿಷನಲ್ ಅರ್ಜಿಗೆ ಕ್ಲೇಮ್ ಬೇಕಿಲ್ಲ. ಹಾಗೆಂದು ಅದನ್ನು ಒಂದು ಪುಟದಲ್ಲಿ ಮುಗಿಸುವುದು ಪದೇಪದೇ ಕಾಣುವ ತಪ್ಪು. ಪ್ರಾವಿಷನಲ್‌ನಲ್ಲಿ ಇಲ್ಲದ ಅಂಶವನ್ನು ಆಮೇಲೆ ಕ್ಲೇಮ್ ಸಮೇತ ಹಾಕುವ ಪೂರ್ಣ (ಕಂಪ್ಲೀಟ್) ಅರ್ಜಿಯಲ್ಲಿ ಸೇರಿಸಿದರೆ ಅದಕ್ಕೆ ಮೊದಲಿನ ದಿನಾಂಕ ಸಿಗುವುದಿಲ್ಲ. ಓರೆ ಪಿನ್ನಿನ ಕೋನ, ಬುಶ್‌ಗೆ ಬದಲಾಗಿ ಹಾಕಬಹುದಾದ ವಸ್ತುಗಳು, ನೀವು ಯೋಚಿಸಿಯೂ ಮಾಡಿ ನೋಡದ ಬೇರೆ ಜೋಡಣೆಗಳು ಎಲ್ಲವೂ ಮೊದಲ ದಿನವೇ ಒಳಗೆ ಇರಲಿ. ಚಿತ್ರಗಳು ಎ4 ಹಾಳೆಯಲ್ಲಿ, ಮೇಲೆ ಮತ್ತು ಎಡಕ್ಕೆ 4 ಸೆಂ.ಮೀ., ಕೆಳಗೆ ಮತ್ತು ಬಲಕ್ಕೆ 3 ಸೆಂ.ಮೀ. ಅಂಚು ಬಿಟ್ಟು ಇರಬೇಕು. ಭಾಗಗಳಿಗೆ ಸಂಖ್ಯೆ ಕೊಡಿ, ಅಳತೆಗಳನ್ನು ಚಿತ್ರದ ಮೇಲೆ ಬರೆಯಬೇಡಿ.

ಪ್ರಾವಿಷನಲ್ ಹಾಕಿದ ದಿನದಿಂದ 12 ತಿಂಗಳೊಳಗೆ ಕಂಪ್ಲೀಟ್ ಅರ್ಜಿ ಬೀಳಬೇಕು, ಇಲ್ಲದಿದ್ದರೆ ಕೈಬಿಟ್ಟಂತೆ ಲೆಕ್ಕ. ಈ 12 ತಿಂಗಳಲ್ಲಿ ನಿಮ್ಮ ಒಂದು ಪೂರ್ತಿ ಕೊಯ್ಲು ಬರುತ್ತದೆ, ಪರೀಕ್ಷೆಯ ಅಂಕಿಗಳನ್ನು ಆಗ ಸೇರಿಸಿ. 18 ತಿಂಗಳಿಗೆ ಅರ್ಜಿ ಪೇಟೆಂಟ್ ಕಚೇರಿಯ ವಾರದ ಜರ್ನಲ್‌ನಲ್ಲಿ ಪ್ರಕಟವಾಗುತ್ತದೆ. ಬೇಗ ಬೇಕಿದ್ದರೆ ನಮೂನೆ 9, ಶುಲ್ಕ 2,500.

ಅರ್ಜಿ ಹಾಕಿದ ಮಾತ್ರಕ್ಕೆ ಯಾರೂ ಅದನ್ನು ಪರೀಕ್ಷಿಸುವುದಿಲ್ಲ. ಪರೀಕ್ಷಿಸಿ ಎಂದು ನಮೂನೆ 18ರಲ್ಲಿ ಬೇರೆ ಕೇಳಬೇಕು, ಶುಲ್ಕ 4,000. ಹಿಂದೆ 48 ತಿಂಗಳಿದ್ದ ಈ ಗಡುವನ್ನು 2024ರ ಮಾರ್ಚ್ 15ರಿಂದ ಬಿದ್ದ ಅರ್ಜಿಗಳಿಗೆ 31 ತಿಂಗಳಿಗೆ ಇಳಿಸಲಾಗಿದೆ. ಹಳೆಯ ಲೇಖನ ಓದಿಕೊಂಡು ಕೂತರೆ ಅರ್ಜಿ ಹೋಗುತ್ತದೆ. ತ್ವರಿತ ಪರೀಕ್ಷೆಗೆ ನಮೂನೆ 18ಎ, 8,000 ರೂಪಾಯಿ. ಅದು ಎಲ್ಲರಿಗೂ ಇಲ್ಲ. ಒಬ್ಬ ಪುರುಷ ತನ್ನ ವೈಯಕ್ತಿಕ ಹೆಸರಿನಲ್ಲಷ್ಟೇ ಹಾಕಿದ ಅರ್ಜಿಗೆ ಸಾಮಾನ್ಯವಾಗಿ ಸಿಗದು, ಸಣ್ಣ ಉದ್ದಿಮೆಗೆ ಸಿಗುತ್ತದೆ. ಅರ್ಜಿದಾರರೆಲ್ಲ ವ್ಯಕ್ತಿಗಳಾಗಿದ್ದು ಅವರಲ್ಲಿ ಒಬ್ಬರು ಮಹಿಳೆಯಾಗಿದ್ದರೂ ಸಿಗುತ್ತದೆ. ಯಾರ ಹೆಸರಿನಲ್ಲಿ ಹಾಕುವುದು ಎಂಬುದನ್ನು ಇದನ್ನೆಲ್ಲ ನೋಡಿ ಮೊದಲೇ ತೀರ್ಮಾನಿಸಿ.

ನಂತರ ಬರುವುದು ಎಫ್‌ಇಆರ್, ಅಂದರೆ ಮೊದಲ ಪರೀಕ್ಷಾ ವರದಿ. ಅದರಲ್ಲಿ ಆಕ್ಷೇಪಣೆ ಇಲ್ಲದಿರುವುದು ಅಪರೂಪ. ನೋಡಿ ಕಂಗೆಡುವ ಅಗತ್ಯವಿಲ್ಲ, ಅದು ತಿರಸ್ಕಾರ ಅಲ್ಲ. ಡಿ1, ಡಿ2 ಎಂದು ಹಳೆಯ ದಾಖಲೆಗಳನ್ನು ತೋರಿಸಿ ನಿಮ್ಮದರಲ್ಲಿ ಹೊಸದೇನು ಎಂದು ಕೇಳುತ್ತಾರೆ. ಆರು ತಿಂಗಳೊಳಗೆ ಉತ್ತರ ಕೊಡಬೇಕು, ಶುಲ್ಕ ಕಟ್ಟಿ ಇನ್ನು ಮೂರು ತಿಂಗಳು ಪಡೆಯಬಹುದು. ಉತ್ತರಿಸದಿದ್ದರೆ ಅರ್ಜಿ ಸತ್ತಂತೆ. ಮಂಜೂರಾತಿಗೆ ಮೊದಲು ಯಾರು ಬೇಕಾದರೂ, ಮಂಜೂರಾದ ಮೇಲೆ ಒಂದು ವರ್ಷದವರೆಗೆ ಹಿತಾಸಕ್ತಿ ಇರುವವರು, ವಿರೋಧ ಸಲ್ಲಿಸಬಹುದು. ಮೇಳದ ಪ್ರದರ್ಶನವನ್ನು ಮುಚ್ಚಿಟ್ಟು ಸ್ಪ್ರಿಂಗ್ ಯಂತ್ರಕ್ಕೂ ಸೇರಿಸಿ ಪೇಟೆಂಟ್ ಕೇಳಿ ಎಂದು ಯಾರಾದರೂ ಸಲಹೆ ಕೊಟ್ಟರೆ ಒಪ್ಪಬೇಡಿ. ಮಳಿಗೆಯ ಮುಂದೆ ನಿಂತು ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡವರು ಎಷ್ಟು ಜನವೋ. ಅದರಲ್ಲಿ ಒಂದು ಎದುರಾಳಿಯ ಕೈಗೆ ಸಿಕ್ಕರೆ ಆ ಕ್ಲೇಮ್ ಬೀಳುತ್ತದೆ.

ಮಂಜೂರಾದರೆ ಅವಧಿ ಅರ್ಜಿಯ ದಿನದಿಂದ 20 ವರ್ಷ, ಆದರೆ ಮೂರನೆಯ ವರ್ಷದಿಂದ ನವೀಕರಣ ಶುಲ್ಕ ಕಟ್ಟುತ್ತಿರಬೇಕು. ನಿಮ್ಮ ವರ್ಗಕ್ಕೆ 3ರಿಂದ 6ನೆಯ ವರ್ಷ 800, 7ರಿಂದ 10 ರವರೆಗೆ 2,400, 11ರಿಂದ 15ಕ್ಕೆ 4,800, ಆಮೇಲೆ 8,000. ಪೂರ್ತಿ ಅವಧಿಗೆ ಕೂಡಿದರೆ 76,800 ರೂಪಾಯಿ. ಯಂತ್ರ ಮಾರಾಟ ನಿಂತ ವರ್ಷ ಕಟ್ಟುವುದನ್ನೂ ನಿಲ್ಲಿಸಬಹುದು.

ಸರ್ಕಾರಿ ಶುಲ್ಕ ನಿಮಗೆ ಭಾರವಾಗದು. ಖರ್ಚಿನ ದೊಡ್ಡ ಪಾಲು ಏಜೆಂಟರದ್ದು. ಬರೆಯುವುದಕ್ಕೆ ಎಷ್ಟು, ಎಫ್‌ಇಆರ್ ಉತ್ತರಕ್ಕೆ ಎಷ್ಟು, ವಿಚಾರಣೆಗೆ (ಹಿಯರಿಂಗ್) ಎಷ್ಟು ಎಂದು ಮೊದಲೇ ಬರೆಸಿಕೊಳ್ಳಿ. ಅವರ ನೋಂದಣಿ ಸಂಖ್ಯೆ ಪೇಟೆಂಟ್ ಕಚೇರಿಯ ಪಟ್ಟಿಯಲ್ಲಿದೆಯೇ ನೋಡಿ. ಬೆಂಗಳೂರಿನಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಪೇಟೆಂಟ್ ಮಾಹಿತಿ ಕೇಂದ್ರವಿದೆ. ಗುಜರಾತಿನ ಗಾಂಧಿನಗರದ ನ್ಯಾಷನಲ್ ಇನ್ನೊವೇಷನ್ ಫೌಂಡೇಶನ್ ಹಳ್ಳಿಯ ಆವಿಷ್ಕಾರಕರ ಹೆಸರಿನಲ್ಲೇ ಅರ್ಜಿ ಹಾಕಲು ನೆರವಾಗುತ್ತದೆ. ಎರಡನ್ನೂ ಕೇಳಿ ನೋಡಿ, ಆದರೆ ಅವರ ಉತ್ತರಕ್ಕೆ ಕಾಯುತ್ತಾ ಅಕ್ಟೋಬರ್ ದಾಟಬೇಡಿ.

ಇನ್ನುಳಿದ ದಾರಿಗಳು

ಪೇಟೆಂಟ್ ಬೇಡ, ಗುಟ್ಟಾಗಿ ಇಟ್ಟುಕೊಳ್ಳುತ್ತೇನೆ ಎಂದರೆ ಈ ಯಂತ್ರದಲ್ಲಿ ನಡೆಯದು. ಕೊಂಡವನ ಕೈಯಲ್ಲಿ ಒಂದು ಸ್ಪ್ಯಾನರ್ ಇದ್ದರೆ ಗುಟ್ಟು ಬಯಲು. 2000ದ ಡಿಸೈನ್ ಕಾಯ್ದೆಯಡಿ ನೋಂದಣಿ ಮಾಡಿಸಿದರೆ ಹತ್ತು ವರ್ಷ, ನವೀಕರಿಸಿದರೆ ಒಟ್ಟು ಹದಿನೈದು ವರ್ಷ ರಕ್ಷಣೆಯಿದೆ, ಆದರೆ ಅದು ಹೊರರೂಪಕ್ಕೆ ಮಾತ್ರ. ಒಳಗಿನ ಓರೆ ಪಿನ್ನಿಗೆ ಅದರಿಂದ ಏನೂ ಇಲ್ಲ. ವಿಡಿಯೊದಲ್ಲಿ ಕಂಡ ಹೊರರೂಪವೂ ಈಗ ಹೊಸದಲ್ಲ. ಏನನ್ನೂ ಮಾಡದೆ ಬೇಗ ಬೇಗ ಮಾರಿ ಹೆಸರು ಮಾಡುವುದೂ ಒಂದು ದಾರಿಯೇ. ಮಾರಾಟದ ನಂತರದ ರಿಪೇರಿ ಚೆನ್ನಾಗಿದ್ದರೆ ಮಲೆನಾಡಿನಲ್ಲಿ ಅದಕ್ಕೆ ಬೆಲೆಯಿದೆ. ಅಪಾಯವೆಂದರೆ, ನಿಮಗಿಂತ ಅಗ್ಗವಾಗಿ ನೂರು ಯಂತ್ರ ಮಾಡಬಲ್ಲವರನ್ನು ತಡೆಯಲು ಕೈಯಲ್ಲಿ ಏನೂ ಇರುವುದಿಲ್ಲ.

ಪೇಟೆಂಟ್ ಇದ್ದರೂ ತಡೆಯುವ ಕೆಲಸ ನಿಮ್ಮದೇ ಎಂಬುದೂ ಗೊತ್ತಿರಲಿ. ಪೇಟೆಂಟ್ ಉಲ್ಲಂಘನೆ ಸಿವಿಲ್ ವ್ಯಾಜ್ಯ, ಪೊಲೀಸರಿಗೆ ದೂರು ಕೊಟ್ಟು ಆಗುವಂಥದ್ದಲ್ಲ. ಎದುರು ಕಡೆಯವರು ಪೇಟೆಂಟೇ ಊರ್ಜಿತವಲ್ಲ ಎಂದು ಪ್ರತಿವಾದ ಹೂಡಿದರೆ ಪ್ರಕರಣ ಹೈಕೋರ್ಟಿಗೆ ಹೋಗುತ್ತದೆ. ಮತ್ತೊಂದು ಮಾತು: ನಿಮ್ಮ ಪೇಟೆಂಟ್ ಬೇರೆಯವರನ್ನು ತಡೆಯುವ ಹಕ್ಕು, ನೀವು ಯಂತ್ರ ಮಾಡಲು ಪರವಾನಗಿ ಅಲ್ಲ. ನೀವು ಬಳಸುವ ಡ್ರಮ್ ಅಥವಾ ಚೌಕಟ್ಟಿನ ರಚನೆಗೆ ಬೇರೆಯವರ ಪೇಟೆಂಟ್ ಜೀವಂತವಿದೆಯೇ ಎಂದು ಹುಡುಕಾಟದಲ್ಲೇ ನೋಡಿಕೊಳ್ಳಿ.

ವೆಲ್ಡಿಂಗ್ ಹುಡುಗನ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬುಶ್ ಹಾಕುವ ಯೋಚನೆ ಅವನದ್ದಾಗಿದ್ದರೆ ಅವನೂ ಆವಿಷ್ಕಾರಕ, ನಮೂನೆ 1ರಲ್ಲಿ ಅವನ ಹೆಸರು ಇರಲೇಬೇಕು. ಸಂಬಳ ಕೊಡುತ್ತೀರಿ ಎಂಬ ಮಾತ್ರಕ್ಕೆ ಹಕ್ಕು ತಾನಾಗಿ ನಿಮ್ಮದಾಗುವುದಿಲ್ಲ. ಅವನು ಹಕ್ಕನ್ನು ನಿಮಗೆ ವರ್ಗಾಯಿಸಿದ್ದಾನೆ ಎಂದು ಲಿಖಿತ ಪತ್ರ ಮಾಡಿಸಿ, ಅದರಲ್ಲಿ ಅವನಿಗೆ ಸಿಗುವ ಪಾಲನ್ನೂ ಬರೆಯಿರಿ. ಆ ಪತ್ರವನ್ನು ಅರ್ಜಿಯ ಜೊತೆಗೆ ಅಥವಾ ಆರು ತಿಂಗಳೊಳಗೆ ಕೊಡಬೇಕು. ಇಬ್ಬರೂ ಜಂಟಿ ಅರ್ಜಿದಾರರಾದರೆ ಇಬ್ಬರಿಗೂ ಸಮಪಾಲು, ಒಬ್ಬರ ಒಪ್ಪಿಗೆ ಇಲ್ಲದೆ ಇನ್ನೊಬ್ಬರು ಕಂಪನಿಗೆ ಲೈಸೆನ್ಸ್ ಕೊಡುವ ಹಾಗಿಲ್ಲ.

ಕಂಪನಿಗೆ ಈಗ ಡ್ರಾಯಿಂಗ್ ಕಳಿಸಬೇಡಿ. ಅರ್ಜಿ ಸಂಖ್ಯೆ ಬಂದ ಮೇಲೆ, ಗೋಪ್ಯತೆಯ ಒಪ್ಪಂದಕ್ಕೆ ಸಹಿ ಆದ ಮೇಲೆ, ಮೊದಲು ಯಂತ್ರ ಓಡುವುದನ್ನು ಮಾತ್ರ ತೋರಿಸಿ. ಮುಂಗಡ ಪಡೆದದ್ದರಿಂದ ನಷ್ಟವಿಲ್ಲ, ಆದರೆ ಪ್ರಾವಿಷನಲ್ ಬೀಳುವ ಮೊದಲು ಒಂದು ಯಂತ್ರವೂ ವರ್ಕ್‌ಶಾಪಿನಿಂದ ಹೊರಗೆ ಹೋಗಬಾರದು. ಮುಂಗಡ ಕೊಟ್ಟವರಿಗೆ ಸೆಪ್ಟೆಂಬರಿನಲ್ಲಿ ಕೊಡುತ್ತೇನೆ ಎಂದು ಹೇಳಿ, ಆಗಸ್ಟ್ ಮುಗಿಯುವುದರೊಳಗೆ ಅರ್ಜಿ ಹಾಕಿ. ಸಂಖ್ಯೆ ಬಂದ ಮೇಲೆ ಯಂತ್ರದ ಫಲಕದಲ್ಲಿ "ಪೇಟೆಂಟ್ ಅರ್ಜಿ ಸಲ್ಲಿಸಲಾಗಿದೆ" ಎಂದು ಆ ಸಂಖ್ಯೆಯ ಸಮೇತ ಕೆತ್ತಿಸಬಹುದು. ಮಂಜೂರಾಗುವ ಮೊದಲು "ಪೇಟೆಂಟ್ ಪಡೆದದ್ದು" ಎಂದು ಮಾತ್ರ ಹಾಕಿಸಬೇಡಿ, ಅದಕ್ಕೆ ಹತ್ತು ಲಕ್ಷ ರೂಪಾಯಿವರೆಗೆ ದಂಡವಿದೆ.